ಟೀಚರ್, ಊಟ ಆಯ್ತಾ?

ಅಂಗನವಾಡಿಯಿಂದ ಮೊಮ್ಮಗಳನ್ನು ಕರೆತರುವುದು ನನ್ನ ಪಾಲಿನ ಕೆಲಸ. ಒಂದು ದಿನ ಮಾತಿಗೆ ಕೂತು ತಡಮಾಡಿಬಿಟ್ಟೆ. ಹೋಗಿ ನೋಡಿದರೆ ಉಳಿದ ಮಕ್ಕಳೆಲ್ಲ ಮನೆ ಸೇರಿದ್ದರು. ನಮ್ಮ ಹುಡುಗಿ ಟೀಚರ್ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಟೀಚರ್ ಒಂದು ಕೈಯಲ್ಲಿ ಅವಳನ್ನು ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಮೊಬೈಲಿಗೆ ಮಕ್ಕಳ ತೂಕ ತುಂಬಿಸುತ್ತಿದ್ದರು. ಪಕ್ಕದಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ.

“ಊಟ ಆಯ್ತೇನಮ್ಮ?” ಎಂದೆ.

“ಇವಳನ್ನ ನಿಮ್ಮ ಕೈಗೆ ಕೊಟ್ಟು ಮಾಡ್ತೀನಿ ಅಜ್ಜಿ” ಎಂದರು.

ನನಗೆ ನಾಚಿಕೆಯಾಯಿತು. ಹಿಂದಿನ ವಾರವಷ್ಟೇ “ಮಗುವಿನ ತಲೆ ಕೆದರಿದೆ, ನೋಡಬಾರದೇ?” ಎಂದು ಅವರನ್ನೇ ಗದರಿದ್ದೆ.

ಮಕ್ಕಳೇ, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಮೊದಲು ದೇಶದ 33 ಕಡೆ ಬಂತು. ನಮ್ಮ ರಾಜ್ಯದಲ್ಲಿ ಮೊದಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿ ಟೀಚರ್ ಹಾಡು, ಆಟ ಕಲಿಸಿದರೆ ಮುಗಿಯಲಿಲ್ಲ. ಮಕ್ಕಳ ತೂಕ ನೋಡಬೇಕು, ಗರ್ಭಿಣಿಯರ ಆಹಾರದ ಲೆಕ್ಕ ಇಡಬೇಕು, ಮನೆಮನೆಗೆ ಹೋಗಬೇಕು. ಇಷ್ಟಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಇವರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಸಿಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ಮರುದಿನ ನಮ್ಮ ಬೀದಿಯ ಮೂವರು ಅಜ್ಜಿಯರು ಮಾತಾಡಿಕೊಂಡೆವು. ಟೀಚರ್ ಒಪ್ಪಿದ ಮೇಲೆ ಸರದಿ ಹಾಕಿಕೊಂಡೆವು. ಮಕ್ಕಳ ಊಟವಾದ ಮೇಲೆ ಅರ್ಧ ಗಂಟೆ ಕಥೆ ಹೇಳುವುದು ನಮ್ಮ ಕೆಲಸ. ಸಹಾಯಕಿ ನಮ್ಮ ಜೊತೆ ಇರುತ್ತಾರೆ. ಆ ಹೊತ್ತಿನಲ್ಲಿ ಟೀಚರ್ ಕೂತು ಉಣ್ಣಬೇಕು.

ಮೊದಲ ದಿನ ನಾನು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಮಳೆ ಬರುವಷ್ಟರಲ್ಲಿ ಇಬ್ಬರು ಜಗಳಕ್ಕೆ ಬಿದ್ದರು, ಒಬ್ಬ ಅತ್ತ. ಟೀಚರ್ ಎಂಜಲು ಕೈಯಲ್ಲೇ ಓಡಿಬಂದರು. “ನೀವು ಹೋಗಿ ಊಟ ಮಾಡಿ” ಎಂದು ವಾಪಸ್ ಕಳಿಸಿದೆ. ಅರ್ಧ ಗಂಟೆಗೇ ನನ್ನ ಗಂಟಲು ಕಟ್ಟಿತು. ದಿನವಿಡೀ ಮಾಡುವವರ ಪಾಡು ಆಗ ತಿಳಿಯಿತು.

ನಮ್ಮ ಕಥೆಯಿಂದ ಗೌರವಧನ ಹೆಚ್ಚುವುದಿಲ್ಲ. ಅದು ಸರ್ಕಾರ ಮಾಡಬೇಕಾದ ಕೆಲಸ. ಹೊತ್ತಿಗೆ ಸರಿಯಾಗಿ ಹೋಗಿ ಮಗುವನ್ನು ಕರೆತರುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗ ಈಗ ಶನಿವಾರ ಶಾಲೆ ಬಿಟ್ಟವನೇ ತಂಗಿಯ ಅಂಗನವಾಡಿಗೆ ಹೋಗಿ ಆಟದ ಸಾಮಾನು ಜೋಡಿಸಿಡುತ್ತಾನೆ.

ಮೊಮ್ಮಗಳದ್ದೂ ಒಂದು ಕೆಲಸವಿದೆ. ಮನೆಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾಳೆ: “ಟೀಚರ್, ಊಟ ಆಯ್ತಾ?”