ರೋಗಕ್ಕಿಂತ ಮೊದಲು ಊರು ಸೇರುವ ಮಾತು



ಮಳೆಗಾಲ ಆರಂಭವಾದೊಡನೆ ಬೀದರ ನಗರದ ನಮ್ಮ ಚಿಕಿತ್ಸಾಲಯಕ್ಕೆ ಭಾಲ್ಕಿ, ಔರಾದ ಕಡೆಯಿಂದಲೂ ಜ್ವರದ ರೋಗಿಗಳು ಬರತೊಡಗುತ್ತಾರೆ. ಹಲವರು ನಾಡಿ ತೋರಿಸುವ ಮೊದಲೇ ಮೊಬೈಲು ತೋರಿಸಿ, "ಡಾಕ್ಟರ್ ಸಾಹೇಬ್ರೆ, ಇದರಾಗ ಹಿಂಗ ಬಂದದ, ಖರೇ ಏನ್ರಿ?" ಎಂದು ಕೇಳುತ್ತಾರೆ. ರೋಗ ಊರು ಸೇರುವ ಮೊದಲೇ ರೋಗದ ಮಾತು ಊರು ಸೇರಿರುತ್ತದೆ. ಆ ಮಾತು ತಪ್ಪಾಗಿದ್ದರೆ ಏನಾಗುತ್ತದೆ ಎಂಬುದನ್ನು ನಾವು 2006ರಲ್ಲಿ ಕಣ್ಣಾರೆ ಕಂಡಿದ್ದೇವೆ.

ಕೋಳಿಯ ಮೇಲೆ ಬಂದ ಅಪವಾದ

2005ರ ಕೊನೆಯಲ್ಲಿ ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಕಾಣಿಸಿಕೊಂಡ ಚಿಕೂನ್‌ಗುನ್ಯಾ ಮರುವರ್ಷ ಬೀದರವೂ ಸೇರಿ ರಾಜ್ಯದ ಅನೇಕ ಜಿಲ್ಲೆಗಳಿಗೆ ಹರಡಿತು. 2006ರಲ್ಲಿ ಕರ್ನಾಟಕವೊಂದರಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಂಡ ಈ ರೋಗ ಅನಂತರ ಮೂರು ದಶಕ ದೇಶದಲ್ಲಿ ತಲೆಯೆತ್ತಿರಲಿಲ್ಲ. ಆದ್ದರಿಂದ ಜನರಿಗಷ್ಟೇ ಅಲ್ಲ, ವೈದ್ಯರಲ್ಲಿ ಅನೇಕರಿಗೂ ಹೆಸರೇ ಹೊಸದಾಗಿತ್ತು.

ಆ ಹೆಸರೇ ತೊಡಕಾಯಿತು. ಅದು ಆಫ್ರಿಕದ ಮಕೊಂಡೆ ಭಾಷೆಯ ಪದ. ಕೀಲುನೋವಿನಿಂದ ದೇಹ ಬಾಗುವುದನ್ನು ಸೂಚಿಸುತ್ತದೆ. ನಮ್ಮ ಜನರ ಕಿವಿಗೆ ಅದು "ಚಿಕನ್ ಗುನ್ಯಾ" ಎಂದು ಕೇಳಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಪತ್ತೆಯಾಗಿ ಕೋಳಿಗಳನ್ನು ಕೊಂದ ಸುದ್ದಿಯೂ ಬಂದಿತ್ತು. ಎರಡೂ ಬೆರೆತು, ಕೋಳಿ ತಿಂದವರಿಗೆ ಈ ಜ್ವರ ಬರುತ್ತದೆ ಎಂಬ ಮಾತು ಊರೂರು ತಿರುಗಿತು.

ಔರಾದ ಕಡೆಯ ಹಳ್ಳಿಯ ಹಿರಿಯ ತಾಯಿಯೊಬ್ಬರು ಕೋಲೂರಿಕೊಂಡು ಬಂದು ನಮ್ಮೆದುರು ಕುಳಿತು ಹೇಳಿದ ಮಾತು ಇನ್ನೂ ನೆನಪಿದೆ: "ನಮ್ಮದು ಲಿಂಗವಂತರ ಮನಿರಿ. ಕೋಳಿ ನಮ್ಮ ಹೊಸ್ತಿಲ ದಾಟಿಲ್ಲ. ನಮಗ್ಯಾಕ ಬಂತ್ರಿ ಈ ಜಡ್ಡು?" ಮನೆಯ ನಾಲ್ವರೂ ಮಲಗಿದ್ದರು. ತಮಗೆ ಬರುವುದೇ ಇಲ್ಲವೆಂದು ಅವರು ನಿಶ್ಚಿಂತರಾಗಿದ್ದರು. ನೀರಿನ ಅಭಾವದ ಊರಾದ್ದರಿಂದ ಅಂಗಳದಲ್ಲಿ ಮೂರು ಬ್ಯಾರಲ್ ನೀರು ತುಂಬಿಟ್ಟಿದ್ದರು, ಒಂದಕ್ಕೂ ಮುಚ್ಚಳವಿರಲಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲ ಕೆಲವು ವಾರ ನಾವು ಬಂದವರಿಗೆಲ್ಲ ಕಷಾಯ ಕೊಟ್ಟೆವು, ಕೀಲಿಗೆ ತೈಲ ಕೊಟ್ಟೆವು. ಮನೆಯಲ್ಲಿ ನೀರನ್ನು ಹೇಗೆ ಇಟ್ಟಿದ್ದೀರಿ ಎಂದು ಒಬ್ಬರನ್ನೂ ಕೇಳಲಿಲ್ಲ. ಆ ತಾಯಿ ಕೇಳಿದ ಪ್ರಶ್ನೆಯೇ ನಮ್ಮನ್ನು ಎಚ್ಚರಿಸಿತು.

ನಿಜವಾದ ಕಾರಣ

ಚಿಕೂನ್‌ಗುನ್ಯಾ ಮತ್ತು ಡೆಂಗಿ ಎರಡನ್ನೂ ಹರಡುವುದು ಈಡಿಸ್ ಸೊಳ್ಳೆ. ಅದು ಹಗಲಿನಲ್ಲಿ ಕಚ್ಚುತ್ತದೆ. ಗಟಾರದ ಕೊಳಚೆಗಿಂತ ಮನೆಯ ರಂಜಣಿಗೆ, ಬ್ಯಾರಲ್, ತೊಟ್ಟಿ, ಕೂಲರ್, ಹಳೆಯ ಟಯರುಗಳಲ್ಲಿ ನಿಂತ ತಿಳಿನೀರೇ ಅದಕ್ಕೆ ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಒಣಗಿದ ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಜೀವಂತವಿದ್ದು, ನೀರು ತಾಗಿದೊಡನೆ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಿ ತೊಳೆಯಬೇಕು. ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ನಮ್ಮನ್ನು ಕಚ್ಚುವುದು ಬಹುಪಾಲು ನಮ್ಮ ಮನೆಯ ಅಥವಾ ನೆರೆಮನೆಯ ಸೊಳ್ಳೆಯೇ.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಜನಪದೋದ್ಧ್ವಂಸವನ್ನು, ಅಂದರೆ ಇಡೀ ನಾಡನ್ನು ಹಾಳುಮಾಡುವ ರೋಗವನ್ನು ಕುರಿತದ್ದು. ಬೇರೆ ಬೇರೆ ಪ್ರಕೃತಿಯ ಜನರು ಒಟ್ಟಿಗೆ ಏಕೆ ರೋಗಕ್ಕೀಡಾಗುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿ ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಸಾಮಾನ್ಯ ಕಾರಣಗಳನ್ನು ಹೇಳಿದೆ. ಔಷಧಿಗಳನ್ನು ಆಪತ್ತಿಗೆ ಮೊದಲೇ ಸಂಗ್ರಹಿಸಿಡಬೇಕೆಂಬ ಸೂಚನೆಯೂ ಅಲ್ಲಿದೆ. ಸರಿಯಾದ ತಿಳಿವಳಿಕೆಯನ್ನೂ ಹೀಗೆಯೇ ಮೊದಲೇ ಕೂಡಿಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಎಚ್ಚರಿಕೆ ಹೇಗಿರಬೇಕು?

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಎಂದು ಎರಡು ದಿನಗಳ ಬಳಿಕ ದೃಢಪಟ್ಟಿತು. ಆಗಲೂ ಕೋಳಿಯ ಮೇಲೆ ಅಪವಾದ ಬಂದು ಅದರ ಬೆಲೆ ಕುಸಿಯಿತು. ಈ ಎರಡು ಅನುಭವಗಳಿಂದ ನಾವು ಕಲಿತದ್ದು ಇಷ್ಟು.

ಮೊದಲನೆಯದು, ಭಯ ಹುಟ್ಟಿಸುವ ಮಾತಿನ ಜೊತೆಗೆ ಮಾಡಬೇಕಾದ ಕೆಲಸವನ್ನೂ ಹೇಳಬೇಕು. "ಡೆಂಗಿ ಬಂದಿದೆ, ಎಚ್ಚರ" ಎಂದರೆ ಜನರು ಹೆದರುತ್ತಾರೆ. "ಇಂದು ಬ್ಯಾರಲ್ ತಿಕ್ಕಿ, ಬಟ್ಟೆ ಕಟ್ಟಿ" ಎಂದರೆ ಕೆಲಸ ಮಾಡುತ್ತಾರೆ.

ಎರಡನೆಯದು, ಕೇಳುವವರ ಭಾಷೆಯಲ್ಲಿ ಹೇಳಬೇಕು. ನಮ್ಮ ಗಡಿಭಾಗದ ಮನೆಗಳಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗೂ ಇವೆ. ಕನ್ನಡದ ಕರಪತ್ರವೊಂದೇ ಎಲ್ಲ ಮನೆಗಳನ್ನು ಮುಟ್ಟದು.

ಮೂರನೆಯದು, ತಿಳಿವಳಿಕೆ ಬದಲಾದರೆ ಮುಚ್ಚಿಡದೆ ಹೇಳಬೇಕು. ಮಾಸ್ಕ್ ರೋಗಿಗಳಿಗಷ್ಟೇ ಸಾಕೆಂದು ಮೊದಲು ಹೇಳಿ, 2020ರ ಏಪ್ರಿಲ್‌ನಲ್ಲಿ ಎಲ್ಲರೂ ಧರಿಸಬೇಕೆಂದಾಗ ಜನರು ಗೊಂದಲಗೊಂಡರು. ಬದಲಾವಣೆಯ ಕಾರಣವನ್ನು ತಿಳಿಸಿದರೆ ನಂಬಿಕೆ ಉಳಿಯುತ್ತದೆ.

ನಾಲ್ಕನೆಯದು, ರೋಗವನ್ನು ಒಂದು ಓಣಿಗೆ, ಒಂದು ಸಮುದಾಯಕ್ಕೆ ಅಂಟಿಸಬಾರದು. ನಿಂದೆಗೆ ಅಂಜಿದವರು ಜ್ವರವನ್ನು ಮುಚ್ಚಿಡುತ್ತಾರೆ; ಮುಚ್ಚಿಟ್ಟ ಜ್ವರ ಊರಿಗೆಲ್ಲ ಹರಡುತ್ತದೆ.

ಭಕ್ತರಲ್ಲಿ ವಿನಂತಿ

ವಾರದಲ್ಲಿ ಒಂದು ದಿನ ನೀರಿನ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ, ತಿಕ್ಕಿ, ಒಣಗಿಸಿ ತುಂಬಿರಿ. ಬಾಯಿಗೆ ದಟ್ಟನೆಯ ಬಟ್ಟೆ ಕಟ್ಟಿರಿ. ಜ್ವರದವರನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿರಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳನ್ನು ನುಂಗಬೇಡಿರಿ. ರಕ್ತಸ್ರಾವ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ; ಜ್ವರ ಇಳಿಯುವ ಹೊತ್ತಿನಲ್ಲಿಯೇ ಡೆಂಗಿ ಅಪಾಯಕಾರಿಯಾಗಬಲ್ಲದು.

ಇಂಥ ಎಲೆಯ ರಸ ಕುಡಿದರೆ ಡೆಂಗಿ ಬರುವುದೇ ಇಲ್ಲ ಎಂದು ಆಯುರ್ವೇದದ ಹೆಸರಿನಲ್ಲಿ ಬರುವ ಸಂದೇಶಗಳನ್ನು ಮುಂದಕ್ಕೆ ಕಳುಹಿಸಬೇಡಿರಿ. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ: ಯಾವ ಕಷಾಯವೂ ತೆರೆದ ಬ್ಯಾರಲಿಗೆ ಮುಚ್ಚಳವಾಗಲಾರದು. ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿರಿ.

2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸಿತು. ಆದರೆ ದಂಡದ ಭಯಕ್ಕಿಂತ ನೆರೆಯವರ ಮಗುವಿನ ಮೇಲಿನ ಕಾಳಜಿ ದೊಡ್ಡದು. ಈ ವಾರ ನಿಮ್ಮ ಅಂಗಳದ ನೀರನ್ನು ನೋಡಿರಿ. ಬಳಿಕ ಪಕ್ಕದ ಮನೆಯ ಅಜ್ಜಿಗೂ ಒಂದು ಮಾತು ಹೇಳಿ, ಬ್ಯಾರಲ್ ತಿಕ್ಕಲು ಕೈಜೋಡಿಸಿರಿ.