ಬೆಳಕು ಹತ್ತಿದರೆ ಸಾಕೇ?

ತೆಂಗಿನ ಮರ ಅಡ್ಡ ಬಂತು ಎಂದರೆ ಯಾರೂ ನಂಬುವುದಿಲ್ಲ. ಅಪ್ಪನೂ ನಂಬಲಿಲ್ಲ. ತಿಪಟೂರಿನ ಹತ್ತಿರ ಇರುವ ನಮ್ಮ ತೋಟದಲ್ಲಿ ಹಳೆಯ ಆಲ್ಟೊ ಕಾರನ್ನು ತಿರುಗಿಸಲು ಹೋಗಿ, ಬ್ರೇಕ್ ಒತ್ತುವುದು ಅರೆಕ್ಷಣ ತಡವಾಗಿ, ಎಡಗಡೆಯ ಹೆಡ್‌ಲೈಟನ್ನು ಮರಕ್ಕೆ ಗುದ್ದಿಸಿದವಳು ನಾನೇ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಅದರ ಮೇಲೆ ಇದೊಂದು.

ಪೆಟ್ಟು ದೊಡ್ಡದೇನಲ್ಲ. ಬಂಪರ್ ಸ್ವಲ್ಪ ಗೀಚಿತ್ತು. ಲೈಟಿನ ಮುಂದಿನ ಪಾರದರ್ಶಕ ಪ್ಲಾಸ್ಟಿಕ್‌ನ ಮೂಲೆಯಲ್ಲಿ ಬೆರಳುದ್ದದ ಬಿರುಕು ಬಿಟ್ಟಿತ್ತು. ಆದರೆ ಲೈಟನ್ನು ಬಾಡಿಗೆ ಹಿಡಿದಿಡುವ ಕಿವಿಗಳಲ್ಲಿ ಎರಡು ಮುರಿದು, ಇಡೀ ಲೈಟು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಗ್ಯಾರೇಜಿನವರು ಬಗ್ಗಿ ನೋಡಿ, ‘ಇದು ರಿಪೇರಿ ಆಗಲ್ಲಮ್ಮ, ಸೆಟ್ಟೇ ಹೊಸದು ಹಾಕ್ಬೇಕು. ಲೇಬರ್ ಸೇರಿ 3,200 ಆಗುತ್ತೆ’ ಅಂದರು.

24ನೇ ವಯಸ್ಸಿನಲ್ಲಿ, ನಾನೇ ಮುರಿದ ಲೈಟಿಗೆ ಅಪ್ಪನ ಮುಂದೆ ಕೈಚಾಚುವುದು ಹೇಗೆ? ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಮುಂದಿನ ಸೋಮವಾರ ಅಜ್ಜಿಗೆ ತುಮಕೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಅಂದರೆ ಕತ್ತಲಿರುವಾಗಲೇ ಮನೆ ಬಿಡಬೇಕು. ‘ನಾನೇ ಸರಿ ಮಾಡ್ತೀನಪ್ಪ’ ಅಂದೆ. ಅಪ್ಪ ಏನೂ ಹೇಳಲಿಲ್ಲ. ಆ ಮೌನದ ಅರ್ಥ ಮಧ್ಯಮ ವರ್ಗದ ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತದೆ.

ನನ್ನ ರೆಸ್ಯೂಮ್‌ನಲ್ಲಿ ‘ಉತ್ತಮ ಪ್ರಾಯೋಗಿಕ ಜ್ಞಾನ’ ಎಂದು ಬರೆದುಕೊಂಡಿದ್ದೆ. ಒಂದು ಇಂಟರ್‌ವ್ಯೂನಲ್ಲಿ, ‘ಕೈಯಾರೆ ಏನನ್ನಾದರೂ ರಿಪೇರಿ ಮಾಡಿದ್ದೀರಾ?’ ಎಂದು ಕೇಳಿದಾಗ ಪ್ರಾಜೆಕ್ಟ್ ರಿಪೋರ್ಟಿನ ಹೆಸರು ಹೇಳಿ ತಪ್ಪಿಸಿಕೊಂಡಿದ್ದೆ. ಈಗ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಮೊದಲ ಪ್ರಯತ್ನ ಅರ್ಧ ಗಂಟೆಯಲ್ಲಿ ಮುಗಿಯಿತು. ಮುರಿದ ತುಂಡುಗಳನ್ನು ಹುಡುಕಿ, ಸೂಪರ್ ಗ್ಲೂ ಹಾಕಿ ಒತ್ತಿ ಹಿಡಿದೆ. ಬಿರುಕಿನ ಮೇಲೆ ಟೇಪ್ ಅಂಟಿಸಿದೆ. ಸ್ವಿಚ್ ಹಾಕಿದರೆ ಲೈಟು ಹತ್ತಿತು. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿಕೊಂಡೆ!

ಆ ರಾತ್ರಿಯೇ ಕಾರು ತೆಗೆದುಕೊಂಡು ಹಳ್ಳಿಯ ರಸ್ತೆಯಲ್ಲಿ ಒಂದು ಸುತ್ತು ಹೊರಟೆ. ಎರಡು ಹಂಪ್ ದಾಟಿರಬೇಕು, ಅಂಟಿಸಿದ ಕಿವಿಗಳು ಕಿತ್ತುಬಂದಿದ್ದವು. ಲೈಟು ಹಿಂದಕ್ಕೆ ವಾಲಿ ಮೇಲಕ್ಕೆ ಮುಖ ಮಾಡಿದ್ದು ನನ್ನ ಗಮನಕ್ಕೇ ಬರಲಿಲ್ಲ. ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಬೈಕಿನವರು ಕಣ್ಣು ಕುಕ್ಕಿ, ರಸ್ತೆ ಬಿಟ್ಟು ಬೇಲಿಯ ಪಕ್ಕದ ಮಣ್ಣಿಗೆ ಇಳಿದರು. ಬೀಳಲಿಲ್ಲ, ಅಷ್ಟೇ ಪುಣ್ಯ. ಕಾರು ನಿಲ್ಲಿಸಿ ಓಡಿದೆ. ‘ಏನಮ್ಮ, ಲೈಟನ್ನ ಆಕಾಶಕ್ಕೆ ಬಿಟ್ಕೊಂಡು ಬರ್ತಿದೀಯಲ್ಲ! ಇನ್ನೊಂದು ಅಡಿ ಆಚೆ ಚರಂಡಿ ಇತ್ತು’ ಅಂದರು. ಅವರ ಕೈ ನಡುಗುತ್ತಿತ್ತು. ನನ್ನದೂ.

ಅಂದು ನಿದ್ದೆ ಬರಲಿಲ್ಲ. ಅದುವರೆಗೆ ಹೆಡ್‌ಲೈಟ್ ಎಂದರೆ ನನಗೆ ದಾರಿ ಕಾಣಿಸುವ ವಸ್ತು ಎಂದಷ್ಟೇ ತಿಳಿದಿದ್ದೆ. ಎದುರಿನಿಂದ ಬರುವವರಿಗೆ ದಾರಿ ಕಾಣದಂತೆ ಮಾಡುವ ವಸ್ತುವೂ ಅದೇ ಎಂದು ಹೊಳೆದಿರಲಿಲ್ಲ.

ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಶೆಡ್ ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ನಡೆದದ್ದೆಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಒಳಗಿನ ಕನ್ನಡಿ ಚೆನ್ನಾಗಿದೆಯಾ?’ ಬಲ್ಬಿನ ಹಿಂದಿರುವ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಬಿರಿದಿದ್ದರೆ ಅಥವಾ ಅದರ ಲೇಪನ ಎದ್ದಿದ್ದರೆ ಎಷ್ಟೇ ಅಂಟಿಸಿದರೂ ಬೆಳಕು ಸರಿಯಾಗಿ ಬೀಳುವುದಿಲ್ಲ, ಆಗ ಹೊಸದೇ ಹಾಕಬೇಕು. ನಮ್ಮದು ಚೆನ್ನಾಗಿತ್ತು. ‘ಹಂಗಾದ್ರೆ ಬಿಚ್ಚು. ಆದ್ರೆ ಅಂಟಿಸ್ಬೇಡ, ಬೆಸುಗೆ ಹಾಕು. ಕೊನೇಲಿ ಗೋಡೆಗೆ ಹಿಡಿದು ನೋಡು’ ಅಂದರು.

ಎರಡನೇ ಸಲ ಅವಸರ ಮಾಡಲಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟೆ. ಬಂಪರ್ ಸಡಿಲಿಸಿ ಲೈಟನ್ನು ಹೊರಗೆ ತೆಗೆದೆ. ಬಿಚ್ಚಿದ ಪ್ರತಿ ಬೋಲ್ಟ್‌ನ ಜಾಗವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಒಳಗಿದ್ದದ್ದು ಎಚ್4 ಹ್ಯಾಲೋಜನ್ ಬಲ್ಬು, ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಇದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹಾಳಾಗುತ್ತದೆ. ಅದನ್ನು ಬುಡದಲ್ಲಿ ಹಿಡಿದು ತೆಗೆದು ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟೆ.

ಲೈಟಿನ ಹಿಂಬದಿಯನ್ನು ಒರೆಸಿದಾಗ ಒಂದು ಮೂಲೆಯಲ್ಲಿ ‘ಪಿಪಿ’ ಎಂಬ ಅಕ್ಷರಗಳು ಕಂಡವು. ಪಾಲಿಪ್ರೊಪಿಲಿನ್! ಕಾಲೇಜಿನ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತದ್ದು ಅದೇ. ಈ ಪ್ಲಾಸ್ಟಿಕ್‌ನ ಮೇಲ್ಮೈಗೆ ಸಾಮಾನ್ಯ ಅಂಟು ಕಚ್ಚಿಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ. ಆದರೆ ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಮೊದಲ ಸಲ ಅಂಟು ಕೆಟ್ಟದ್ದಾಗಿರಲಿಲ್ಲ, ನಾನು ಓದದೆ ಹಾಕಿದ್ದೆ.

ಪ್ರಾಜೆಕ್ಟ್‌ಗೆಂದು ಕೊಂಡಿದ್ದ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಅಟ್ಟದ ಮೇಲಿತ್ತು. ಕಿಟಕಿಗೆ ಹಾಕುವ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯ ತುಂಡೊಂದನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದೆ. ಮುರಿದ ಕಿವಿಯನ್ನು ಸರಿಯಾಗಿ ಜೋಡಿಸಿ, ಬೆಸುಗೆಯ ಸಾಲಿನ ಮೇಲೆ ಜಾಲರಿ ಇಟ್ಟು, ಐರನ್ನಿನ ತುದಿಯಿಂದ ನಿಧಾನವಾಗಿ ಪ್ಲಾಸ್ಟಿಕ್‌ನೊಳಗೆ ಇಳಿಸಿದೆ. ಮೇಲೆ ತುಂಬಲು ಅದೇ ಜಾತಿಯ ಪ್ಲಾಸ್ಟಿಕ್ ಬೇಕಲ್ಲ? ಅಡುಗೆಮನೆಯ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ತ್ರಿಕೋನದೊಳಗೆ 5 ಎಂದು ಇದ್ದರೆ ಅದು ಪಾಲಿಪ್ರೊಪಿಲಿನ್. ಸೀಳಿದ್ದ ಒಂದು ಡಬ್ಬಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕರಗಿಸಿ ತುಂಬಿದೆ. ‘ಡಬ್ಬಿ ಕೇಳಿ ತಗೊಂಡ್ಯಾ?’ ಎಂದು ಅಮ್ಮ ಬೈದದ್ದು ಬೇರೆ ಮಾತು. ಹೊಗೆ ಒಳ್ಳೆಯದಲ್ಲ. ಹಾಗಾಗಿ ಈ ಕೆಲಸವನ್ನೆಲ್ಲ ಜಗಲಿಯ ಮೇಲೆ ಗಾಳಿಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿದೆ.

ಬಿರುಕು ಬೆಳಕು ಹಾಯುವ ಜಾಗದಲ್ಲಿರದೆ ಅಂಚಿನಲ್ಲಿದ್ದದ್ದು ನನ್ನ ಅದೃಷ್ಟ. ಲೈಟಿನ ಮುಂಭಾಗ ಪಾಲಿಕಾರ್ಬೊನೇಟ್‌ನದು. ಅದನ್ನು ಪೆಟ್ರೋಲ್, ಥಿನ್ನರ್‌ನಿಂದ ಒರೆಸಿದರೆ ಬಿರುಕು ಇನ್ನಷ್ಟು ಹರಡಬಹುದು. ಸೋಪಿನ ನೀರಿನಲ್ಲಿ ತೊಳೆದು, ಒಳಗಿನ ತೇವವೆಲ್ಲ ಆರುವಂತೆ ಒಂದು ದಿನ ಬಿಟ್ಟು, ಎರಡು ಟ್ಯೂಬಿನ ಪಾರದರ್ಶಕ ಎಪಾಕ್ಸಿಯನ್ನು ತೆಳ್ಳಗೆ ಎಳೆದೆ. ಒಳಗೆ ತೇವ ಇರುವಾಗಲೇ ಮುಚ್ಚಿದರೆ ಲೈಟಿನೊಳಗೆ ಮಂಜು ಕಟ್ಟುತ್ತದೆ. ಹಿಂದೆ ಗಾಳಿಯಾಡಲೆಂದು ಬಿಟ್ಟಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬಾರದು.

ಇನ್ನು ಉಳಿದದ್ದು ಗೋಡೆಯ ಪರೀಕ್ಷೆ. ಸಂಜೆ ಟಯರುಗಳ ಗಾಳಿ ನೋಡಿಕೊಂಡು, ಕೊಬ್ಬರಿ ಗೋಡೌನಿನ ಗೋಡೆಯ ಮುಂದೆ ಸಮತಟ್ಟಾದ ಜಾಗದಲ್ಲಿ 5 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿದೆ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತರು. ನೆಲದಿಂದ ಬಲ್ಬಿನ ಮಧ್ಯಕ್ಕೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದೆ. ಲೋ ಬೀಮ್‌ನಲ್ಲಿ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಅಂದರೆ ಮುಂದೆ ಹೋದಂತೆ ನೂರಕ್ಕೆ ಒಂದರಷ್ಟು ಇಳಿಜಾರು. ನಾವು ರಸ್ತೆಯ ಎಡಕ್ಕೆ ಚಲಿಸುವವರಾದ್ದರಿಂದ ಆ ಅಂಚು ಎಡಬದಿಯಲ್ಲಿ ಸ್ವಲ್ಪ ಮೇಲೇರುತ್ತದೆ. ರಸ್ತೆ ಬದಿಯಲ್ಲಿ ನಡೆಯುವವರು ಕಾಣಲೆಂದು ಹಾಗೆ. ಬಲಬದಿ ಮಾತ್ರ ತಗ್ಗಿಯೇ ಇರುತ್ತದೆ, ಎದುರಿನವರ ಕಣ್ಣು ಇರುವುದು ಆ ಕಡೆ.

ನಮ್ಮ ರಿಪೇರಿಯಾದ ಲೈಟು ಒಂದು ಗೇಣಿನಷ್ಟು ಮೇಲಿತ್ತು! ಬಲಗಡೆಯ ಲೈಟನ್ನು ನೋಡಿಕೊಂಡು, ಹಿಂದಿನ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಇಳಿಸಿದೆ. ಅಪ್ಪ ಒಳಗಿಂದ, ‘ಇನ್ನೊಂದ್ ಸ್ವಲ್ಪ... ಸಾಕು, ಸಾಕು’ ಎನ್ನುತ್ತಿದ್ದರು. ನಾಲ್ಕು ದಿನದ ನಂತರ ಅವರು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಆಗಲೇ. ಆಮೇಲೆ ಹಂಪ್‌ಗಳಿರುವ ಅದೇ ರಸ್ತೆಯಲ್ಲಿ ನಾಲ್ಕು ಸುತ್ತು ಹೋಗಿ ಬಂದು ಮತ್ತೆ ಗೋಡೆಗೆ ಹಿಡಿದೆವು. ಗೆರೆ ಕದಲಿರಲಿಲ್ಲ.

ಖರ್ಚು ಲೆಕ್ಕ ಹಾಕಿದೆ. ಜಾಲರಿ, ಎಪಾಕ್ಸಿ, ಉಪ್ಪುಕಾಗದ ಎಲ್ಲ ಸೇರಿ 210 ರೂಪಾಯಿ. ಆದರೆ ಗೆಳೆಯರೇ, ‘ಎಲ್ಲವನ್ನೂ ನೀವೇ ರಿಪೇರಿ ಮಾಡಿ, ಮೂರು ಸಾವಿರ ಉಳಿಸಿ’ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ರಿಫ್ಲೆಕ್ಟರ್ ಹೋಗಿದ್ದರೆ, ಬಿರುಕು ಬೆಳಕಿನ ಹಾದಿಯಲ್ಲಿದ್ದರೆ, ಹೊಸ ಕಾರಿನ ಎಲ್‌ಇಡಿ ಲೈಟಾಗಿದ್ದರೆ ಬಲ್ಲವರ ಕೈಗೆ ಕೊಡುವುದೇ ಜಾಣತನ. ಮೊದಲ ದಿನ ನಾನು ಮಾಡಿದ್ದೂ ‘ರಿಪೇರಿ’ಯೇ, ಲೈಟೂ ಹತ್ತಿತ್ತು. ಅದು ಒಬ್ಬರನ್ನು ಚರಂಡಿಗೆ ಬೀಳಿಸುವುದರಲ್ಲಿತ್ತು. ಕೆಲಸ ಮುಗಿಯುವುದು ಬೆಳಕು ಹತ್ತಿದಾಗಲ್ಲ, ಅದು ಬೀಳಬೇಕಾದ ಕಡೆ ಬಿದ್ದಾಗ. ಆ ಎರಡರ ನಡುವೆ ನಾಲ್ಕು ದಿನದ ದುಡಿಮೆ ಇತ್ತು. ನನ್ನ ‘ಪ್ರಾಯೋಗಿಕ ಜ್ಞಾನ’ದಲ್ಲಿ ಇಲ್ಲದೇ ಇದ್ದದ್ದು ಆ ಭಾಗವೇ.

ರೆಸ್ಯೂಮ್‌ನಿಂದ ಆ ಸಾಲನ್ನು ತೆಗೆದಿದ್ದೇನೆ. ಮುಂದಿನ ಇಂಟರ್‌ವ್ಯೂನಲ್ಲಿ ಯಾರಾದರೂ ಕೇಳಿದರೆ ಮೊದಲು ಕಿತ್ತುಬಂದ ಅಂಟಿನ ಕತೆ ಹೇಳುತ್ತೇನೆ, ಆಮೇಲೆ ಬೆಸುಗೆಯದ್ದು.

ಸೋಮವಾರ ಬೆಳಗಿನ ಐದಕ್ಕೇ ಹೊರಟೆವು. ಹಿಂದೆ ಕೂತಿದ್ದ ಅಜ್ಜಿ, ‘ನನಗಿಂತ ಮುಂಚೆ ಕಾರಿನ ಕಣ್ಣಿಗೇ ಆಪರೇಷನ್ ಆಯ್ತಲ್ಲೇ’ ಎಂದು ನಕ್ಕರು. ಹೆದ್ದಾರಿಯಲ್ಲಿ ಎದುರಿನಿಂದ ಲಾರಿಗಳು, ಬಸ್ಸುಗಳು, ಬೈಕುಗಳು ಬರುತ್ತಲೇ ಇದ್ದವು. ಪ್ರತಿಯೊಂದು ದಾಟುವಾಗಲೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ತುಮಕೂರಿನವರೆಗೂ ಒಬ್ಬರೂ ನಮಗೆ ಡಿಪ್ಪರ್ ಹೊಡೆಯಲಿಲ್ಲ.