ನಡೆಯದ ನಾಣ್ಯ

ನಾಣ್ಯದ ಬಾಳು ಕೈಯಿಂದ ಕೈಗೆ ಸವೆಯುವುದರಲ್ಲಿದೆ. ಶಾಂತಸಾಗರದ ಪಿಟ್‌ಕೇರ್ನ್ ದ್ವೀಪದ ಹೆಸರಿನಲ್ಲಿ 1988ರಿಂದ ಹೊರಟ ನಾಣ್ಯಗಳಿಗೆ ಬಹುಮಟ್ಟಿಗೆ ಆ ಭಾಗ್ಯವಿಲ್ಲ. ಸುಮಾರು 50 ಜನರ ಆ ನೆಲದಲ್ಲಿ ಟಂಕಸಾಲೆಯಿಲ್ಲ. ನಿತ್ಯದ ವ್ಯವಹಾರ ನ್ಯೂಜಿಲೆಂಡಿನ ಡಾಲರಿನಲ್ಲಿ. ಹಾಗಾದರೆ ಇವು ಯಾರಿಗಾಗಿ? ದೂರದ ಸಂಗ್ರಾಹಕರಿಗಾಗಿ. ಮುಖಬೆಲೆಗಿಂತ ಹೆಚ್ಚು ತೆತ್ತು ಕೊಂಡು ಅವರು ಪೆಟ್ಟಿಗೆಯಲ್ಲಿಡುತ್ತಾರೆ. ಹೆಸರು ಕೊಟ್ಟ ದ್ವೀಪಕ್ಕೆ ಅದರಲ್ಲೊಂದು ಪಾಲು. 1940ರಿಂದ ಅಂಚೆಚೀಟಿ ಮಾರುತ್ತ ಬಂದವರಿಗೆ ಇದೇನೂ ಹೊಸ ವಿದ್ಯೆಯಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು 1989ರ ನಾಣ್ಯ. 1789ರಲ್ಲಿ ‘ಬೌಂಟಿ’ ಹಡಗಿನ ನಾವಿಕರು ಕ್ಯಾಪ್ಟನ್ ಬ್ಲೈಯ ಮೇಲೆ ದಂಗೆಯೆದ್ದರು. ಅವರಲ್ಲಿ 9 ಮಂದಿ ಪಾಲಿನೇಷಿಯದ ಕೆಲವರೊಡನೆ 1790ರಲ್ಲಿ ಇಲ್ಲಿಗೆ ಬಂದು, ಗುರುತು ಸಿಕ್ಕಿದರೆ ಗಲ್ಲೆಂದು ಹಡಗನ್ನೇ ಸುಟ್ಟರು. ಆ ದಂಗೆಯ 200ನೆಯ ವರ್ಷದ ನಾಣ್ಯವನ್ನು ಮಗುಚಿದರೆ, ಅವರು ಯಾವ ಸಿಂಹಾಸನಕ್ಕೆ ಎರಡು ಬಗೆದರೋ ಅದರ ಮೇಲೆ ಅಂದು ಕುಳಿತಿದ್ದ ರಾಣಿ ಎಲಿಜಬೆತ್.